ಹಮೂರಿನ ಕಿವಿಗಲ್ಲು

ಮಸ್ಕತ್ ವಿಮಾನ ನಿಲ್ದಾಣ

ನನ್ನ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಒಂದು ಸಣ್ಣ ಗರಗಸ, ಚಿಮಟ, ಖಾಲಿ ಸ್ಪಿರಿಟ್ ದೀಪ ಮತ್ತು ಹಿತ್ತಾಳೆಯ ಹಳೆಯ ಸೂಕ್ಷ್ಮದರ್ಶಕ ಇದ್ದವು. ಕಸ್ಟಮ್ಸ್ ಅಧಿಕಾರಿಗೆ ಅನುಮಾನ ಬಂದದ್ದು ಚಟ್ನಿಪುಡಿಯ ಮೇಲೆ. ಬಿಳಿ ನಿಲುವಂಗಿ, ಕಸೂತಿ ಟೋಪಿ ತೊಟ್ಟ ಆ ತರುಣ ಡಬ್ಬಿ ತೆರೆದು ಮೂಸಿದ, ಸೀನಿದ, ಕಣ್ಣು ಒರೆಸಿಕೊಂಡು ಮುಚ್ಚಳ ಹಾಕಿದ. ಆಮೇಲೆ ಗರಗಸ ಎತ್ತಿ ಹಿಡಿದು ಇದೇತಕ್ಕೆ ಎಂದು ಕೇಳಿದ.

ಮೀನಿನ ಕಿವಿ ನೋಡುವುದಕ್ಕೆ ಎಂದೆ. ಅವನು ಪಕ್ಕದ ಮೇಜಿನವನನ್ನು ಕರೆದ. ಇಬ್ಬರೂ ನನ್ನ ಸೀರೆ, ಹಣೆಯ ವಿಭೂತಿ, ಗರಗಸ ಮೂರನ್ನೂ ಒಂದೊಂದಾಗಿ ನೋಡಿದರು.

“ಮೀನಿಗೆ ಕಿವಿ ಇದೆಯೇ?”

“ಇದೆ. ತಲೆಯ ಒಳಗಿದೆ.”

“ಕೇಳಿಸುತ್ತದೆಯೇ?”

“ಚೆನ್ನಾಗಿಯೇ ಕೇಳಿಸುತ್ತದೆ.”

“ಹಾಗಾದರೆ ನನ್ನ ಮಾವ ದೋಣಿಯಲ್ಲಿ ಕೂತು ಬೈಯುವುದನ್ನೆಲ್ಲ ಕೇಳಿಸಿಕೊಂಡಿವೆ” ಎಂದು ಅವನು ನಕ್ಕು ಪೆಟ್ಟಿಗೆ ಮುಚ್ಚಿಕೊಟ್ಟ. ಆ ಪ್ರವಾಸದಲ್ಲಿ ಯಾರಾದರೂ ಮನಸಾರೆ ನಕ್ಕದ್ದು ಅದೇ ಮೊದಲು, ಹೆಚ್ಚುಕಡಿಮೆ ಅದೇ ಕೊನೆ.

ನನ್ನ ಕೆಲಸದ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಾಗಲಕೋಟೆ ಕಡೆಯ, ಮೊಟ್ಟೆಯೂ ಹೊಸಿಲು ದಾಟದ ಮನೆಯಲ್ಲಿ ಹುಟ್ಟಿದವಳು ನಾನು. ನೌಕರಿ ಸಿಕ್ಕಿದ್ದು ಕಾರವಾರದಲ್ಲಿ, ಪ್ರಾಣಿಶಾಸ್ತ್ರ ಕಲಿಸುವುದಕ್ಕೆ. ಅಲ್ಲಿ ಮೀನಿನ ತಲೆ ಒಡೆದು, ಕಿವಿಯೊಳಗಿನ ಸುಣ್ಣದ ಕಲ್ಲು ತೆಗೆದು, ಅದರ ವಯಸ್ಸು ಓದುವ ವಿದ್ಯೆ ಅಂಟಿಕೊಂಡಿತು. ಮರದ ಕಾಂಡದಲ್ಲಿ ಹೇಗೋ ಹಾಗೆ ಆ ಕಲ್ಲಿನಲ್ಲೂ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಹೊಟ್ಟೆ ತುಂಬ ಉಂಡ ವರ್ಷದ ಉಂಗುರ ಅಗಲ, ಹಸಿದ ವರ್ಷದ್ದು ಕಿರಿದು. ಉತ್ತರದ ತಣ್ಣೀರಿನ ದೇಶಗಳಲ್ಲಿ ಸಾಲ್ಮನ್ ಮೀನಿನ ಹುರುಪೆಯನ್ನು ಹೀಗೇ ಓದುತ್ತಾರೆ. ಸಮುದ್ರ ಕೆಟ್ಟ ವರ್ಷ ಅದರ ಗೆರೆಗಳು ಒತ್ತೊತ್ತಾಗುತ್ತವಂತೆ. ನಾನು ಓದುವುದು ನಮ್ಮ ಕಡೆಯ ಬಡ ಮೀನುಗಳನ್ನು. ಇಷ್ಟು ವರ್ಷವಾದರೂ ಒಂದರ ರುಚಿಯೂ ನೋಡಿಲ್ಲ. ಅವ್ವ ಇರುವವರೆಗೂ ಓಣಿಯವರಿಗೆ ಹೇಳುತ್ತಿದ್ದದ್ದು “ನಮ್ಮ ಸುಮಂಗಲಾ ಕಾಲೇಜಿನ್ಯಾಗ ಕಲಸ್ತಾಳ” ಎಂದಷ್ಟೇ.

ಹೊರಗೆ ತಮ್ಮ ಬಸವರಾಜ ಕಾಯುತ್ತಿದ್ದ. ಅವನೂ ನನ್ನ ಹಾಗೇ, ಮೀನು ತಿನ್ನದೆ ಮೀನನ್ನು ನಂಬಿ ಬದುಕುವವನು. ಮೀನು ರಫ್ತು ಮಾಡುವ ಒಂದು ಕಂಪನಿಯ ಶೀತಲಗೃಹಗಳಿಗೆ ಇಂಜಿನಿಯರು. ಕಾರು ಹೊರಡುವ ಮೊದಲೇ ವಿಷಯಕ್ಕೆ ಬಂದ.

“ಅಕ್ಕಾ, ಕುರಿಯಾತ್ ದಾಟಿದ ಮ್ಯಾಲ ಒಂದ್ ಸಣ್ಣ ಊರದ. ಅಲ್ಲಿ ಥಂಡಿ ಖೋಲಿ ಕಟ್ಟಿಸಿದಾಂವ ನಾನು. ಆ ಊರಿನ ಹಮೂರ್ ಮೀನು ಎರಡು ವರ್ಷದಿಂದ ಸಣ್ಣ ಆಗಾಕ ಹತ್ಯಾವ. ಕಂಪನಿಯವ್ರು ಅಂತಾರ, ಇವ್ರು ಮರೀ ಹಿಡದು ಕಳಸ್ತಾರ, ಇನ್ನ ಲಾರಿ ಕಳಸೂದಿಲ್ಲ ಅಂತ.”

“ಊರವ್ರು ಏನಂತಾರ?”

“ಊರವ್ರು ಒಬ್ಬರ ಮ್ಯಾಲ ಒಬ್ಬರು ಬೊಟ್ಟ ಮಾಡ್ತಾರ. ಅದs ದೊಡ್ಡ ಕಥಿ.”

ಅಲ್ ಹೈಲ್

ಆ ಕಥೆಯನ್ನು ಅವನು ಹೇಳಿದ್ದು ಮಸ್ಕತ್ತಿನ ಅಲ್ ಹೈಲ್ ಬಡಾವಣೆಯ ತನ್ನ ಮನೆಯಲ್ಲಿ, ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿಕೊಂಡು. ಡಿಸೆಂಬರ್ ತಿಂಗಳು, ಹೊರಗೆ ಹಿತವಾದ ಗಾಳಿ. ಆದರೆ ಕಿಟಕಿ ತೆಗೆದರೆ ಕೊಳೆತ ವಾಸನೆ. ಸಮುದ್ರಕ್ಕೆ ಕೆಂಪು ನೀರು ಬಂದಿತ್ತು. ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಹುಟ್ಟಿ, ನೀರಿನ ಉಸಿರನ್ನೆಲ್ಲ ಹೀರಿ, ತಾವೂ ಸತ್ತು ಮೀನನ್ನೂ ಸಾಯಿಸುವ ಕಾಯಿಲೆ ಅದು. ಉಪ್ಪುನೀರನ್ನೇ ಸಿಹಿ ಮಾಡಿ ಕುಡಿಯುವ ದೇಶ. ಆ ಕೆಂಪು ನೀರು ಕಾರ್ಖಾನೆಯ ಬಾಯಿಗೆ ಬಂದು ನಲ್ಲಿಗೂ ತೊಂದರೆಯಾಗಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮಲ್ಲಿ ಗಾದೆ. ನಾನು ಬಂದ ದಿನವೇ ನಲ್ಲಿಯಲ್ಲಿ ನೀರಿರಲಿಲ್ಲ.

ತಮ್ಮನ ಹೆಂಡತಿ ವಿಜಯಾ ನಾಲ್ಕು ಬಾಟಲಿ ನೀರು ತಂದು ಬಚ್ಚಲಲ್ಲಿ ಇಟ್ಟಳು. “ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಇವತ್ತ ಇಷ್ಟರಾಗ ಸುಧಾರಿಸ್ರಿ. ಟ್ಯಾಂಕರ್‌ಗೆ ಹೇಳೇವಿ.” ಬಾಟಲಿ ನೀರಿನಲ್ಲಿ ಸ್ನಾನ ಮಾಡಿದ ಐಷಾರಾಮ ನನ್ನ ಜನ್ಮದಲ್ಲಿ ಅದೊಂದೇ.

ಸಂಜೆ ಬೀಚಿಗೆ ಹೋದೆವು. ಹುಣಸೆಹಣ್ಣು ನೆನೆಹಾಕಿದ ನೀರಿನ ಬಣ್ಣದ ಸಮುದ್ರ. ಅಲೆಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಬಂದು ಹೋಗುತ್ತಿದ್ದವು. ದಡದುದ್ದಕ್ಕೂ ಬೆಳ್ಳಿ ಚೂರುಗಳಂತೆ ಸತ್ತ ಮೀನು. ನನ್ನ ಸೋದರ ಸೊಸೆ ಅನನ್ಯಾ ಮೂಗು ಮುಚ್ಚಿಕೊಂಡು “ಅತ್ತೀ, ದಿಸ್ ಈಸ್ ಸೋ ಸ್ಯಾಡ್, ಲೆಟ್ಸ್ ಗೋ” ಎಂದಳು. ಕಾರವಾರದ ಕಡಲಿಗೂ ಈ ಕಡಲಿಗೂ ಹೆಸರು ಬೇರೆ, ನೀರು ಒಂದೇ. ಅಲ್ಲಿ ದಿನಾ ನೋಡುವ ಸಂಬಂಧಿಕರನ್ನು ಇಲ್ಲಿ ಆಸ್ಪತ್ರೆಯಲ್ಲಿ ಮಲಗಿಸಿರುವುದನ್ನು ಕಂಡಂತಾಯಿತು. ನನಗೆ ನಿಜವಾಗಿ ಸಂಕಟವಾಯಿತು.

ಇನ್ನು ಆ ಊರಿನ ಕಥೆ. ಹಮೂರು ಎಂದರೆ ದಪ್ಪ ತುಟಿಯ, ಸಿಡುಕು ಮೋರೆಯ ದೊಡ್ಡ ಮೀನು. ಮಂಗಳೂರು ಕಡೆ ಮುರು ಎನ್ನುವ ಮೀನಿನ ಬಳಗ. ಕಡಲೊಳಗಿನ ಬಂಡೆಯ ಸಂದಿಯಲ್ಲಿ ಮನೆ ಮಾಡಿದರೆ ವರ್ಷಗಟ್ಟಲೆ ಅಲ್ಲೇ. ಆ ಊರಿನವರು ಅದನ್ನು ಹಿಡಿಯುವುದು ಗರ್ಗೂರ್ ಎಂಬ ತಂತಿಯ ಬೋನು ಇಳಿಸಿ. ಅವರಲ್ಲೊಂದು ಹಳೆಯ ಕಟ್ಟಳೆ: ಸರದಿಯ ಪ್ರಕಾರ ಒಂದೊಂದು ಬಂಡೆಗೆ ಕೆಲವು ವರ್ಷ ರಜೆ. ನಮ್ಮ ಕಡೆ ಹೊಲ ಬೀಳು ಬಿಟ್ಟ ಹಾಗೆ. ಆ ಬಂಡೆಗೆ ಯಾರೂ ಬೋನು ಇಳಿಸುವಂತಿಲ್ಲ. ರಜೆ ಮುಗಿದ ಮೇಲೆ ಇಳಿಸಿದರೆ ಮಗುವಿನಷ್ಟು ದೊಡ್ಡ ಹಮೂರು ಮೇಲೆ ಬರುತ್ತಿತ್ತು. ಈ ಕಟ್ಟಳೆ ಕಾಯುವ ಹಿರಿಯ ಸಾಲಿಂ. ಈ ಊರಿನವರು ಮರಿ ಹಿಡಿಯುವುದಿಲ್ಲವೆಂದು ಕಂಪನಿಯ ಮುಂದೆ ನನ್ನ ತಮ್ಮ ಬಸವರಾಜ ಜಾಮೀನು ನಿಂತದ್ದು ಇವನ ಮಾತಿನ ಮೇಲೇ.

ಹೀಗೆ ರಜೆ ಕೊಟ್ಟ ಒಂದು ಬಂಡೆಯನ್ನು ಹೋದ ವರ್ಷ ತೆರೆದಾಗ ಮೇಲೆ ಬಂದವು ಮೊಣಕೈಗಿಂತ ಚಿಕ್ಕ ಮೀನು. ಯಾರೋ ದೊಡ್ಡವನ್ನೆಲ್ಲ ಕದ್ದು ಹಿಡಿದಿದ್ದಾರೆ, ಉಳಿದದ್ದು ಮರಿಗಳು ಎಂದು ಊರು ತೀರ್ಮಾನಿಸಿತು. ಕದ್ದವರು ಯಾರು? ಅದೇ ವರ್ಷದ ದೊಡ್ಡ ಚಂಡಮಾರುತದ ನಂತರ ಅದೇ ಬಂಡೆಯ ಹತ್ತಿರ ಒಂದು ನೀಲಿ ಡಬ್ಬಿ ತೇಲುತ್ತಿತ್ತು, ಬೋನು ಎಲ್ಲಿದೆಯೆಂದು ತೋರಿಸಲು ಕಟ್ಟುವ ಡಬ್ಬಿ. ಅದು ಸಾಲಿಮನ ಸ್ವಂತ ತಮ್ಮ ರಶೀದನದು. ಗಾಳಿಗೆ ಕೊಚ್ಚಿಕೊಂಡು ಹೋಗಿತ್ತು ಎಂದ ರಶೀದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಊರು ನಕ್ಕಿತು. ಅಣ್ಣ ಅವನನ್ನು ದೋಣಿಯಿಂದ ಇಳಿಸಿದ. ಒಂದೇ ಗೋಡೆಯ ಆಚೆ ಈಚೆ ಮನೆ. ಮಾತು ಬಿಟ್ಟು ವರ್ಷ ದಾಟಿತ್ತು.

“ಸಾಲಿಂ ಒಂದs ಕೇಳಿದ ಅಕ್ಕಾ. ಈ ಸಣ್ಣ ಮೀನು ಮರಿನೋ, ಇಲ್ಲಾ ಬೆಳೀದ ಮುದೀನೋ, ಹೇಳಾವ್ರು ಯಾರರ ಅದಾರೇನು ಅಂತ. ನಮ್ಮಕ್ಕ ಅದಾಳ ಅಂದೆ.”

ಅಲ್ ಹೈಲ್, ಮರುದಿನ

ಮೀನನ್ನು ಇಡಿಯಾಗಿ ತರಬೇಕೆಂದು ನಾನು ಬಸವರಾಜನಿಗೆ ಕಾರವಾರದಿಂದಲೇ ಹೇಳಿದ್ದೆ. ಶೀತಲಗೃಹದಿಂದ ಅವನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆ ಬಂಡೆಯ ಹಮೂರುಗಳನ್ನು ತಂದು ಮೆಟ್ಟಿಲಿನ ಕೆಳಗೆ ಇಟ್ಟ. ಮನೆಯೊಳಗೆ ತರಲು ವಿಜಯಾ ಬಿಡಲಿಲ್ಲ. ಒಳಗೆ ದೇವರ ಜಗಲಿಯಿತ್ತು. ನಾನು ಮುಚ್ಚಳ ತೆಗೆದು ನೋಡಿದೆ. ಮೀನೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಒಂದಕ್ಕೂ ತಲೆ ಇರಲಿಲ್ಲ.

“ತಲಿ ಎಲ್ಲ್ಯವೋ?”

“ತಲಿ ಯಾರ್ ತಿಂತಾರಕ್ಕಾ? ನೀನು ಬರ್ತಿ ಅಂತ ಹುಡುಗ್ರಿಗೆ ಹೇಳಿ ನೀಟಾಗಿ ಕ್ಲೀನ್ ಮಾಡಿಸೇನಿ.”

“ಏ ಖೋಡಿ, ನಾ ಇವನ್ನ ಪಲ್ಯಾ ಮಾಡಾಕ ಬಂದೇನೇನು? ಕಿವಿ ಬಾಲದಾಗ ಇರ್ತದೇನು?”

ಅವನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಮೀನು ತಣ್ಣಗಿಟ್ಟಿದ್ದಾನೆ, ಅದನ್ನು ಎಂದೂ ಪೂರ್ತಿ ನೋಡಿಲ್ಲ. ಮೀನು ತಿನ್ನುವ ಮನೆಯ ಯಾವ ಮಗುವೂ ಈ ತಪ್ಪು ಮಾಡುತ್ತಿರಲಿಲ್ಲ. ತಲೆಗಳು ಕಸದ ಗಾಡಿಯಲ್ಲಿ ಹೋಗಿ ಆಗಿತ್ತು. ತಲೆಯಿಲ್ಲದ ಮೀನು ಕೆಳಗಿನ ಮನೆಯ ಉಡುಪಿಯವರ ಪಾಲಾಯಿತು. ಅವರು ಸಂತೋಷಪಟ್ಟು, ತಲೆ ಇದ್ದಿದ್ದರೆ ಸಾರು ಇನ್ನೂ ಚೆನ್ನಾಗಿರುತ್ತಿತ್ತು ಎಂದು ಹೇಳಿ ಕಳಿಸಿದರು.

ಈಗ ಉಳಿದದ್ದು ಒಂದೇ ದಾರಿ. ಮೀನು ಹಿಡಿಯುವಲ್ಲಿಗೇ ಹೋಗುವುದು.

ಕುರಿಯಾತ್ ದಾಟಿ

ಒಮಾನಿನ ಗುಡ್ಡಗಳಲ್ಲಿ ಹುಲ್ಲುಕಡ್ಡಿಯಿಲ್ಲ. ಬಾದಾಮಿಯ ಬಂಡೆಗಳೂ ಬೋಳೇ, ಆದರೆ ಅವು ಕೆಂಪಗೆ, ಮಾತಾಡಿಸುವಂತಿರುತ್ತವೆ. ಇವು ಬೂದು ಬಣ್ಣದವು, ಬೆನ್ನು ತಿರುಗಿಸಿ ಕೂತ ಮುದುಕರ ಹಾಗೆ. ಕಣಿವೆಗಳಲ್ಲಿ ಚಂಡಮಾರುತ ಹೊತ್ತು ತಂದ ಬಂಡೆಗಳು ಇನ್ನೂ ಹಾಗೇ ಬಿದ್ದಿದ್ದವು. ಒಂದು ಕಡೆ ಸೇತುವೆಯ ಅರ್ಧ ಮಾತ್ರ ಉಳಿದಿತ್ತು. ನಾವು ಪಕ್ಕದ ಮಣ್ಣುದಾರಿಯಲ್ಲಿ ಇಳಿದು ಹತ್ತಿದೆವು. ದಾರಿಯುದ್ದಕ್ಕೂ ಬಸವರಾಜ ಮೊಬೈಲಿನಲ್ಲಿ ಮ್ಯಾನೇಜರನಿಗೆ “ಸ್ವಲ್ಪ ಕಾಯಿರಿ ಸರ್, ವರದಿ ಬರುತ್ತದೆ” ಎಂದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಗೋಗರೆಯುತ್ತಿದ್ದ. ಆ ಲಾರಿ ನಿಂತರೆ ಊರಿನವರು ಮೀನನ್ನು ಎಲ್ಲಿ ಮಾರಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ.

ಊರು ಎಂದರೆ ಬಿಳಿ ಗೋಡೆಯ ಒಂದಿಷ್ಟು ಮನೆ, ಮಸೀದಿ, ದಡಕ್ಕೆ ಎಳೆದಿಟ್ಟ ದೋಣಿಗಳು. ಇಲ್ಲಿ ನೀರು ಕೆಂಪಾಗಿರಲಿಲ್ಲ. ಆ ರೋಗ ಮಸ್ಕತ್ತಿನ ಕಡೆಗೇ ನಿಂತಿತ್ತು ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು. ಆ ಸಮಾಧಾನ ಮಧ್ಯಾಹ್ನದವರೆಗೂ ಬಾಳಲಿಲ್ಲ.

ಸಾಲಿಂ ದಡದಲ್ಲೇ ನಿಂತಿದ್ದ. ಅರವತ್ತರ ಆಸುಪಾಸು, ಬಿಳಿ ಗಡ್ಡ, ಸೊಂಟಕ್ಕೆ ಸುತ್ತಿದ ಪಂಚೆ, ಬರಿಗಾಲು. ಹರೆಯದಲ್ಲಿ ಸರಕಿನ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬರುತ್ತಿದ್ದನಂತೆ. ಅಲ್ಲಿನ ಹಿಂದಿ ಅವನ ಬಾಯಲ್ಲಿ ಇನ್ನೂ ಸವೆದಿರಲಿಲ್ಲ. ನನ್ನನ್ನು “ಡಾಕ್ಟರ್ ಬೆಹನ್” ಎಂದ. ಆ ಮಾತು ಕೇಳಿ ಅವನ ತಾಯಿ ಒಳಗಿಂದ ಬಂದು, ಮುಸುಕು ಸರಿಸಿ, ತನ್ನ ಎಡಗಿವಿಯನ್ನು ನನಗೆ ತೋರಿಸಿದಳು. ಕಿವಿಯ ಡಾಕ್ಟರು ಬರುತ್ತಾರೆಂದು ಯಾರೋ ಹೇಳಿದ್ದರು. ನಾನು ಮೀನಿನ ಕಿವಿಯವಳು ಎಂದು ಸಾಲಿಂ ತಿಳಿಸಿದ ಮೇಲೂ ಆಕೆ ಕೈ ಬಿಡಲಿಲ್ಲ. ಕಿವಿ ಕಿವಿಯೇ ಅಲ್ಲವೇ ಎಂದಳಂತೆ. ನೋಡಿದೆ. ಗುಗ್ಗೆ ಕಟ್ಟಿತ್ತು. ಎಣ್ಣೆ ಬಿಡಲು ಹೇಳಿದೆ.

ಸಾಲಿಮನ ಅಂಗಳ

ಚಾಪೆಯ ಮೇಲೆ ಖರ್ಜೂರ, ಹಲ್ವ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ. ಕುಡಿದೆ, ಹೂಜಿ ಹಿಡಿದು ನಿಂತಿದ್ದ ಮನೆಯ ಹುಡುಗ ಸುರಿದ. ಮತ್ತೆ ಕುಡಿದೆ, ಮತ್ತೆ ಸುರಿದ. ಕೊಟ್ಟದ್ದನ್ನು ಬಿಡಬಾರದೆಂದು ಬೆಳೆದವಳು ನಾನು, ಬಟ್ಟಲು ಖಾಲಿಯಾದರೆ ತುಂಬಬೇಕೆಂದು ಬೆಳೆದವನು ಅವನು. ಎದೆ ಡವಡವ ಎನ್ನತೊಡಗಿದ ಮೇಲೆ ಬಸವರಾಜ ಕಿವಿಯಲ್ಲಿ ಹೇಳಿದ: “ಅಕ್ಕಾ, ಸಾಕಂದ್ರ ಬಟ್ಟಲಾ ಅಳ್ಳಾಡ್ಸು.” ಅಲ್ಲಾಡಿಸಿದೆ. ತಕ್ಷಣ ನಿಲ್ಲಿಸಿದ. ಒಂದು ಮಾತಿಲ್ಲದೆ ಸಾಕು ಎನ್ನುವ ಈ ಪದ್ಧತಿಯನ್ನು ನಮ್ಮ ಮದುವೆಮನೆಯ ಪಂಕ್ತಿಗೆ ತಂದರೆ ಎಷ್ಟು ಹೋಳಿಗೆ ಉಳಿಯುತ್ತಿತ್ತೋ!

ಅಷ್ಟರಲ್ಲಿ ಹಿಂದೆ ಕಟಕಟ ಸದ್ದಾಯಿತು. ಒಂದು ಆಡು ನನ್ನ ಚೀಲದೊಳಗೆ ಮುಖ ಹಾಕಿ ಖಡಕ್ ರೊಟ್ಟಿ ಮುರಿಯುತ್ತಿತ್ತು. ಅದರ ಪಕ್ಕೆಲುಬು ಎಣಿಸಬಹುದಿತ್ತು.

“ಹಸಿದಿದೆ, ಬಿಡಿ” ಎಂದ ಸಾಲಿಂ. “ನಮ್ಮ ಆಡು ಒಣಗಿಸಿದ ಬೂತಾಯಿ ಮೀನು ತಿಂದು ಬೆಳೆಯುವುದು. ಈ ದಡ ಪೂರ್ತಿ ಬೆಳ್ಳಿ ಹಾಸಿದ ಹಾಗೆ ಮೀನು ಒಣಗಿಸುತ್ತಿದ್ದೆವು. ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಬೂತಾಯಿ ಈ ಕಡೆ ಬರುವುದಿಲ್ಲ. ಆಡಿಗೆ ರಟ್ಟು ಹಾಕುತ್ತೇವೆ.”

ಮೀನು ತಿನ್ನುವ ಆಡನ್ನು ಮೀನು ತಿನ್ನದ ನಾನು ಬೆರಗಾಗಿ ನೋಡಿದೆ. ಆಮೇಲೆ ಖಾಲಿ ದಡವನ್ನು ನೋಡಿದೆ. ಬೂತಾಯಿ ಆಡಿಗೆ ಮಾತ್ರವಲ್ಲ, ಬಂಡೆಯ ಹಮೂರಿಗೂ ಊಟ.

ಬೆಳಿಗ್ಗೆ ಆ ಬಂಡೆಯಿಂದ ಎತ್ತಿದ ಹಮೂರುಗಳು ತಾಳೆಗರಿಯ ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು. ತಲೆ ಸಮೇತ. ಕೆಲಸಕ್ಕೆ ಕೂತೆ. ಗರಗಸ ಇಟ್ಟು ಬುರುಡೆ ಸೀಳಿ, ಚಿಮಟದಿಂದ ಮಿದುಳಿನ ಕೆಳಗಿನ ಕಲ್ಲನ್ನು ಎತ್ತಿದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಹಾಲಿನ ಬಣ್ಣ. ಅದನ್ನು ನಡುವೆ ಮುರಿದು ಸ್ಪಿರಿಟ್ ದೀಪದ ಮೇಲೆ ಹದವಾಗಿ ಸುಟ್ಟರೆ ಉಂಗುರಗಳು ಕಂದು ಗೆರೆಯಾಗಿ ಏಳುತ್ತವೆ. ಒಂದು ಹನಿ ಎಣ್ಣೆ ಹಚ್ಚಬೇಕು. ಎಣ್ಣೆ ತರುವುದು ಮರೆತಿದ್ದೆ. ಚೀಲದಲ್ಲಿದ್ದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದೆ. ಊರಿನ ಗಂಡಸರೆಲ್ಲ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಗೋಡೆಯ ಆಚೆಯಿಂದ ಒಂದು ತಲೆ ಆಗಾಗ ಕಂಡು ಮರೆಯಾಗುತ್ತಿತ್ತು. ಅದು ರಶೀದ್ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮರಿಯಾದರೆ ಎರಡೋ ಮೂರೋ ಉಂಗುರ ಇರಬೇಕು. ಮೊದಲ ಕಲ್ಲಿನಲ್ಲಿ ಎಣಿಸಿದೆ, ಮೂರು ದಾಟಿ ಮುಂದಕ್ಕೆ ಹೋಗುತ್ತಲೇ ಇತ್ತು. ನನ್ನ ಕಣ್ಣನ್ನೇ ನಂಬದೆ ಮತ್ತೆ ಎಣಿಸಿದೆ. ಎರಡನೆಯ ಮೀನು, ಮೂರನೆಯದು, ಎಲ್ಲ ಅದೇ ಕಥೆ. ಒಳಗಿನ ಉಂಗುರಗಳು ಆರಾಮಾಗಿ ದೂರ ದೂರ. ಹೊರಗಿನವು ಇಳಕಲ್ ಸೀರೆಯ ದಡಿಯ ಎಳೆಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು.

ಹೋಲಿಸಲು ಹಳೆಯ ಕಾಲದ ಕಲ್ಲು ಒಂದಿದ್ದರೆ ಎಂದುಕೊಂಡೆ. ಇದೇ ಬಂಡೆಯ, ಒಳ್ಳೆಯ ಕಾಲದ ಕಲ್ಲು. ಅದನ್ನು ಬಸವರಾಜನಿಗೆ ಹೇಳಿದೆ, ಅವನು ಹಿಂದಿಯಲ್ಲಿ ಹೇಳಿದ. ಸಾಲಿಂ ಎದ್ದು ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದ.

ಅದರ ತುಂಬ ಕಿವಿಗಲ್ಲು. ಒಂದೊಂದೂ ಕಿರುಬೆರಳಿನ ಉಗುರಿನಷ್ಟು ದೊಡ್ಡದು, ಕೈಯಾಡಿ ಆಡಿ ನುಣುಪಾಗಿ ಹಳದಿಗೆ ತಿರುಗಿದ್ದವು. “ನಮ್ಮ ಅಪ್ಪ ಇದೇ ಬಂಡೆಯ ಮೀನಿನಿಂದ ಕೂಡಿಟ್ಟದ್ದು. ಹವಾಲಿಸ್ ಆಡಲು.” ಮರಳಿನಲ್ಲಿ ಸಾಲಾಗಿ ಕುಳಿ ತೋಡಿ, ಕಲ್ಲು ಹಂಚುತ್ತಾ ಹೋಗುವ ಆಟ ಅದು. ನೋಡಿದರೆ ನಮ್ಮ ಅಳಗುಳಿ ಮಣೆಯೇ! ನಮ್ಮಜ್ಜಿ ಹುಣಸೆಬೀಜದಲ್ಲಿ ಆಡುತ್ತಿದ್ದಳು, ಇವರಪ್ಪ ಹಮೂರಿನ ಕಿವಿಗಲ್ಲಿನಲ್ಲಿ. ಇಂಥ ಕಾಯಿಗಳು ಇನ್ನೆಲ್ಲೂ ಇರಲಾರವು.

“ಯಾರ ಜೊತೆ ಆಡುತ್ತೀರಿ?” ಎಂದು ಕೇಳಿ ನಾಲಗೆ ಕಚ್ಚಿಕೊಂಡೆ.

ಅವನು ಗೋಡೆಯ ಕಡೆ ನೋಡಲಿಲ್ಲ. “ಈಗ ಆಡುವುದಿಲ್ಲ” ಎಂದ.

ಒಂದನ್ನು ಮುರಿಯಬೇಕು, ಸುಡಬೇಕು ಎಂದೆ. ತುಂಬ ಹೊತ್ತು ಆರಿಸಿ ಒಂದನ್ನು ನನ್ನ ಅಂಗೈಗೆ ಹಾಕಿದ. ತಂದೆಯ ಕೈ ಮುಟ್ಟಿದ ಕಲ್ಲು ಎರಡು ಚೂರಾದಾಗ ಅವನು ಉಳಿದವನ್ನು ಮತ್ತೆ ಬಿಗಿಯಾಗಿ ಗಂಟು ಕಟ್ಟಿದ. ಸುಟ್ಟು ನೋಡಿದೆ. ಉಂಗುರಗಳ ಸಂಖ್ಯೆ ಚಾಪೆಯ ಮೇಲಿನ ಮೀನಿನ ಕಲ್ಲಿನಲ್ಲಿದ್ದಷ್ಟೇ. ಆದರೆ ಪ್ರತಿ ಉಂಗುರವೂ ಅಗಲ, ಹೊರಗಿನದೂ ಒಳಗಿನಷ್ಟೇ ನಿರಾಳ. ಅದೇ ಬಂಡೆ, ಅದೇ ವಯಸ್ಸು. ಆ ಮೀನು ಉಂಡು ಬೆಳೆದಿತ್ತು, ಇವು ಹಸಿದು ಮುದಿಯಾಗಿದ್ದವು.

“ಬಸೂ, ಇವು ಮರಿ ಅಲ್ಲೋ” ಎಂದೆ. “ಯಾರೂ ಕದ್ದಿಲ್ಲ. ಬಂಡೀ ಮ್ಯಾಲಿನ ಮೀನು ಬಂಡೀ ಮ್ಯಾಲೇ ಅದಾವ. ಬೆಳದಿಲ್ಲ, ಅಷ್ಟ.”

ಬಸವರಾಜ ಚಂಗನೆ ಎದ್ದ. ಅವನ ಮಾತು ಉಳಿದಿತ್ತು, ಸಾಲಿಮನ ಮಾತು ಉಳಿದಿತ್ತು. ಅಲ್ಲೇ ನಿಂತು ಮ್ಯಾನೇಜರನಿಗೆ ಫೋನು ಹಚ್ಚಿದ. ಮಾತಾಡುತ್ತಾ ದೋಣಿಗಳ ಕಡೆ ಹೋದವನು ತಲೆ ತಗ್ಗಿಸಿಕೊಂಡು ಬಂದ.

“ಏನಂದ?”

“ವಯಸ್ಸು ತಗೊಂಡು ಏನ್ ಮಾಡ್ಲಿ, ತೂಕ ಹೇಳು ಅಂದ. ಸಣ್ಣ ಮೀನು ಸಣ್ಣ ಮೀನs. ಲಾರಿ ಖಲಾಸ್ ಅಂದ.”

ಅವನ ದನಿ ಕೇಳಿಯೇ ಗಂಡಸರಿಗೆ ಅರ್ಥವಾಯಿತು. ಒಬ್ಬೊಬ್ಬರಾಗಿ ಎದ್ದು ಮೈಯ ಮರಳು ಕೊಡವಿಕೊಂಡು ಹೋದರು. ಸಾಲಿಂ ಮಾತ್ರ ಲಾರಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸೂಕ್ಷ್ಮದರ್ಶಕದ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ತಂದೆಯ ಕಲ್ಲನ್ನೂ ಇಂದಿನ ಕಲ್ಲನ್ನೂ ನೋಡಿದ. ಬಹಳ ಹೊತ್ತು ನೋಡಿದ. ನೆಟ್ಟಗಾಗಿ ಕಾಫಿಯ ಹೂಜಿ, ಬಟ್ಟಲು ಎತ್ತಿಕೊಂಡ.

“ಯಲ್ಲಾ” ಎಂದ. ನಡೆಯಿರಿ ಎಂದು ನಮ್ಮನ್ನೂ ಕರೆದ.

ರಶೀದನ ಮನೆ

ಗೋಡೆ ಸುತ್ತಿ ಹೋಗಲು ಹೆಚ್ಚು ದೂರವಿಲ್ಲ. ರಶೀದ್ ಬಾಗಿಲಲ್ಲಿ ನಿಂತಿದ್ದ. ಅಣ್ಣನದೇ ಮುಖ, ಗಡ್ಡ ಮಾತ್ರ ಇನ್ನೂ ಕಪ್ಪು. ಒಳಗೆ ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸಾಲಿಂ ತಾನೇ ಮರಳಿನ ಮೇಲೆ ಕೂತ. ನಾವೂ ಕೂತೆವು, ಕೊನೆಗೆ ರಶೀದನೂ.

ಆ ದೇಶದಲ್ಲಿ ಕಾಫಿ ಸುರಿಯುವುದು ಕಿರಿಯರ ಕೆಲಸ. ಹಿರಿಯರು ಕೂತಿರಬೇಕು, ಕಿರಿಯ ನಿಂತು ಸುರಿಯಬೇಕು. ಸಾಲಿಂ ಎದ್ದು ನಿಂತು, ಎಡಗೈಯಲ್ಲಿ ಹೂಜಿ ಬಗ್ಗಿಸಿ, ಬಲಗೈಯಲ್ಲಿ ಬಟ್ಟಲನ್ನು ತಮ್ಮನಿಗೆ ಚಾಚಿದ. ಅದು ಕ್ಷಮೆ ಕೇಳುವುದೆಂದು ನನಗೂ ಗೊತ್ತಾಯಿತು. ರಶೀದ್ ಬಟ್ಟಲನ್ನು ತಕ್ಷಣ ತೆಗೆದುಕೊಳ್ಳಲಿಲ್ಲ.

ಅವನು ಅರಬಿಯಲ್ಲಿ ಏನೋ ಹೇಳಿದ. ನನಗಾಗಿ ಸಾಲಿಂ ಅದನ್ನು ಹಿಂದಿಯಲ್ಲಿ ಹೇಳಿದ, ಒಂದು ಮಾತೂ ಮುಚ್ಚಿಡದೆ. “ನಾನು ಹೇಳಿದ್ದನ್ನು ನೀನು ನಂಬಲಿಲ್ಲ, ಸತ್ತ ಮೀನು ಹೇಳಿದ್ದನ್ನು ನಂಬಿದೆ, ಅನ್ನುತ್ತಾನೆ.”

“ನೀವೇನು ಹೇಳಿದಿರಿ?”

“ಹೌದು ಅಂದೆ.”

ರಶೀದ್ ಬಟ್ಟಲು ತೆಗೆದುಕೊಂಡ. ಕುಡಿದ. ಅಣ್ಣ ಮತ್ತೆ ಸುರಿದ. ಅವರಿಬ್ಬರ ಕಣ್ಣಲ್ಲೂ ನೀರಿತ್ತು. ನನ್ನ ತಮ್ಮ ತನ್ನ ಮೊಬೈಲನ್ನು ಸುಮ್ಮನೆ ತಿರುವುತ್ತಾ ಕೂತಿದ್ದ. ಇಲ್ಲಿಗೆ ಮುಗಿದಿದ್ದರೆ ನಾನು ಆ ದೇಶದಿಂದ ಸಂತೋಷವಾಗಿಯೇ ವಾಪಸಾಗುತ್ತಿದ್ದೆ.

ಎರಡನೆಯ ಬಟ್ಟಲು ಮುಗಿಸಿ ರಶೀದ್ ನನ್ನ ಕಡೆ ತಿರುಗಿ ನೇರವಾಗಿ ಕೇಳಿದ. ಅವನಿಗೂ ಮುರುಕು ಹಿಂದಿ ಬರುತ್ತಿತ್ತು. “ಇನ್ನೊಂದೆರಡು ವರ್ಷ ಆ ಬಂಡೆ ಬಿಟ್ಟರೆ? ಬೆಳೆಯುತ್ತದಾ?”

ಸಮುದ್ರ ಬಿಸಿಯಾಗಿದೆಯೋ, ನೀರಿನಲ್ಲಿ ಉಸಿರು ಕಡಿಮೆಯಾಗಿದೆಯೋ, ಬೂತಾಯಿ ಏಕೆ ದೂರ ಓಡಿತೋ, ಕಲ್ಲು ಅದನ್ನೆಲ್ಲ ಹೇಳುವುದಿಲ್ಲ. ಹಸಿದಿತ್ತು ಎಂದಷ್ಟೇ ಹೇಳುತ್ತದೆ. ಬಿಟ್ಟದ್ದಕ್ಕೆ ಅದು ಬೆಳೆಯುವ ಹಾಗಿದ್ದರೆ ಈಗಲೇ ಬೆಳೆದಿರಬೇಕಿತ್ತು, ನೀವು ಬಿಟ್ಟಿದ್ದೀರಲ್ಲ ಎಂದೆ. ಕಡಲು ತಾನಾಗಿ ಸುಧಾರಿಸಿದರೆ ಉಂಟು, ನಮ್ಮ ಕೈಯಲ್ಲಿ ಇಲ್ಲ ಎಂದೆ. ನನ್ನ ಹಿಂದಿ ಸಾಲದೆ ಬಸವರಾಜ ಪೂರ್ತಿ ಮಾಡಿದ.

ರಶೀದ್ ಬಟ್ಟಲನ್ನು ಅಲ್ಲಾಡಿಸಿ ಕೆಳಗಿಟ್ಟ.

ಸಾಲಿಂ ಹೂಜಿ ಹಿಡಿದು ನಿಂತೇ ಇದ್ದ. ಮಾತಾಡಿದ್ದು ತಮ್ಮನಿಗೋ ನನಗೋ ತಿಳಿಯಲಿಲ್ಲ, ಹಿಂದಿಯಲ್ಲೇ ಮಾತಾಡಿದ. “ವರ್ಷ ಪೂರ್ತಿ ಇವನ ಮೇಲೆ ಸಿಟ್ಟು ಮಾಡಿದೆ. ಆ ಸಿಟ್ಟಿನಲ್ಲಿ ನನಗೊಂದು ಆಸೆ ಇತ್ತು. ಇವನು ಕಳ್ಳ, ಒಂದು ದಿನ ಕಳ್ಳತನ ಬಿಡುತ್ತಾನೆ, ಆಗ ಮೀನು ದೊಡ್ಡದಾಗುತ್ತದೆ ಅಂತ. ತಪ್ಪು ನಮ್ಮದೇ ಆಗಿದ್ದರೆ ಚೆನ್ನಾಗಿತ್ತು, ಡಾಕ್ಟರ್ ಬೆಹನ್. ನಮ್ಮದಾಗಿದ್ದರೆ ಬಿಡಬಹುದಿತ್ತು.”

ಹೊರಡುವಾಗ ಅವನ ತಾಯಿ ಹಲ್ವದ ಡಬ್ಬಿ ಕೊಟ್ಟು, ಕಿವಿಗೆ ಎಣ್ಣೆ ಬಿಟ್ಟೆನೆಂದು ಸನ್ನೆ ಮಾಡಿ ತೋರಿಸಿದಳು. ಮುರಿದ ಕಲ್ಲಿನ ಎರಡು ಚೂರನ್ನೂ ಸಾಲಿಂ ನನಗೇ ಕೊಟ್ಟ. ಅರ್ಧ ಕಲ್ಲನ್ನು ಆಟಕ್ಕೆ ಇಡುವಂತಿಲ್ಲ ಎಂದ.

ವಾಪಸ್ ದಾರಿ

ಮುರಿದ ಸೇತುವೆಯ ಪಕ್ಕದ ಮಣ್ಣುದಾರಿಯಲ್ಲಿ ಬಸವರಾಜ ಕಾರನ್ನು ಇಳಿಸಿ ಹತ್ತಿಸಿದ. ಗುಡ್ಡಗಳ ಮೇಲೆ ಬಿಸಿಲು ಇಳಿಯುತ್ತಿತ್ತು, ಬಲಕ್ಕೆ ತಿರುಗಿದಾಗಲೆಲ್ಲ ಸಮುದ್ರ ಕಂಡು ಮರೆಯಾಗುತ್ತಿತ್ತು. ಮೇಲಿನಿಂದ ನೋಡಿದರೆ ಅದಕ್ಕೆ ಏನೂ ಆದಂತಿರಲಿಲ್ಲ.

“ಅಕ್ಕಾ, ಒಂದ್ ಮಾತು ಕೇಳಲೇನು?”

“ಕೇಳು.”

“ಮರೀ ಅಂತ ಹೇಳಿದ್ರ ಏನಾಗತಿತ್ತು?”

“ಸುಳ್ಳ ಹೇಳಬೇಕಿತ್ತೇನು? ಆ ರಶೀದ್ ಸಾಯೂತನಕಾ ಕಳ್ಳ ಅನಿಸ್ಕೋತಿದ್ದ. ಅಣ್ಣಾ ತಮ್ಮಾ ಗ್ವಾಡಿ ಆಚೀಕ ಈಚೀಕ ಹಂಗs ಕೂಡತಿದ್ರು.”

“ಅದು ಖರೆ” ಎಂದ. ಗೇರು ಬದಲಿಸಿದ. “ಆದ್ರ ಅವ್ರ ಮನಸಿನ್ಯಾಗರ ಮೀನು ಬೆಳೀತಿದ್ವಲ್ಲಕ್ಕಾ.”

ಮಡಿಲಲ್ಲಿ ಹಲ್ವದ ಡಬ್ಬಿ ಬೆಚ್ಚಗಿತ್ತು. ಅಲ್ ಹೈಲ್ ಹತ್ತಿರ ಬಂದಂತೆ ಆ ಕೊಳೆತ ವಾಸನೆ ಮತ್ತೆ ಬಂತು, ನಾವಿಬ್ಬರೂ ಕಾರಿನ ಗಾಜು ಏರಿಸಿದೆವು.